ಹನ್ನೆರಡು ತಂತಿ, ಮೂರು ಷಡ್ಜ

ಪೆಡಲ್ ಸ್ಟೀಲ್ ಗಿಟಾರನ್ನು ಮೊದಲ ಸಲ ಕಂಡವರು ಅದನ್ನು ಗಿಟಾರೆಂದು ಒಪ್ಪುವುದು ಕಷ್ಟ. ನಾಲ್ಕು ಕಾಲಿನ ಮೇಲೆ ನಿಂತ ಉದ್ದನೆಯ ಮಣೆ. ಮಣೆಯ ಮೇಲೆ ತಂತಿಗಳು, ಅಡಿಯಲ್ಲಿ ಸಣ್ಣ ಸರಳುಗಳ ಜಾಲ, ನೆಲದ ಹತ್ತಿರ ಸಾಲಾಗಿ ಪೆಡಲ್‌ಗಳು, ಎರಡೂ ಮಂಡಿಗಳ ಅಕ್ಕಪಕ್ಕಕ್ಕೆ ಇಳಿಬಿದ್ದ ಲಿವರ್‌ಗಳು. ಟೈಲರ್ ಅಂಗಡಿಯ ಮಷೀನಿಗೆ ತಂತಿ ಬಿಗಿದಿದ್ದಾರೇನೋ ಅನ್ನಿಸುತ್ತದೆ. ನುಡಿಸುವವರ ಎಡಗೈಯಲ್ಲಿ ಉಕ್ಕಿನ ದುಂಡನೆಯ ತುಂಡು, ಬಲಗೈಯ ಹೆಬ್ಬೆರಳಿಗೂ ಪಕ್ಕದ ಎರಡು ಬೆರಳಿಗೂ ನಖಿ, ಬಲಗಾಲು ದನಿಯನ್ನು ಏರಿಸಿ ಇಳಿಸುವ ಪೆಡಲ್ ಮೇಲೆ, ಎಡಗಾಲು ಸ್ವರ ಬದಲಿಸುವ ಪೆಡಲ್‌ಗಳ ಮೇಲೆ. ಮಂಡಿಗಳಿಗೂ ಪುರುಸೊತ್ತಿಲ್ಲ. ಮೈಯನ್ನು ಇಷ್ಟು ದುಡಿಸಿಕೊಳ್ಳುವ ಇನ್ನೊಂದು ತಂತಿವಾದ್ಯವನ್ನು ನಾನಂತೂ ಕಾಣೆ.

ನೋಡದಿದ್ದರೂ ಇದರ ದನಿ ಕೇಳಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. 1970ರಲ್ಲಿ ಬಂದ ‘ಟೀಚ್ ಯುವರ್ ಚಿಲ್ಡ್ರನ್’ ಹಾಡಿನುದ್ದಕ್ಕೂ ಜೆರ್ರಿ ಗಾರ್ಸಿಯಾ ನುಡಿಸಿರುವುದು ಇದನ್ನೇ. ಎರಡು ತಂತಿ ಒಟ್ಟಿಗೆ ಮೀಟುತ್ತಾರೆ. ಒಂದು ಇದ್ದಲ್ಲೇ ನಿಲ್ಲುತ್ತದೆ, ಇನ್ನೊಂದು ಮಾತ್ರ ನಿಧಾನಕ್ಕೆ ಮೇಲೇರಿ ಬೇರೊಂದು ಸ್ವರದಲ್ಲಿ ಕೂರುತ್ತದೆ. ಪೆಡಲ್ ಇಲ್ಲದ ಜಾರುಗಿಟಾರಿನಲ್ಲಿ ಎಲ್ಲ ತಂತಿಗಳೂ ಒಟ್ಟಿಗೇ ಜಾರಬೇಕು. ಇಲ್ಲಿ ಯಾವುದು ಜಾರಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಕಾಲು ತೀರ್ಮಾನಿಸುತ್ತದೆ.

ಇದನ್ನು ಬರೆಯುತ್ತಿರುವುದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಕೂತು. ಇಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಹುಡುಕಿಕೊಂಡು ಯಾರೂ ಬರಬೇಕಾಗಿಲ್ಲ. ಹಾಗಿದ್ದೂ ಆ ವಾದ್ಯದವರು ಎಷ್ಟೋ ದಶಕಗಳಿಂದ ಚರ್ಚೆ ಮಾಡುತ್ತ ಬಂದಿರುವ ಒಂದು ಪ್ರಶ್ನೆ ನಮ್ಮ ಕಡೆಯ ನಾಟಕದ ತಾಲೀಮಿನಲ್ಲಿ ದಿನಾ ಏಳುವ ಪ್ರಶ್ನೆಯೇ ಆಗಿದೆ. ವಾದ್ಯ ಒಂದೇ, ಹಾಡು ನೂರು ತರಹ. ಎಲ್ಲಕ್ಕೂ ಆಗುವಂಥ ಒಂದೇ ಶ್ರುತಿಯನ್ನು ಹೇಗೆ ಆರಿಸುವುದು? ಹನ್ನೆರಡು ತಂತಿಯ ಪೆಡಲ್ ಸ್ಟೀಲ್‌ನವರು ಇದಕ್ಕೆ ಕಂಡುಕೊಂಡ ಉತ್ತರವನ್ನು ‘ಯೂನಿವರ್ಸಲ್ ಟ್ಯೂನಿಂಗ್’ ಅನ್ನುತ್ತಾರೆ. ಅದನ್ನು ಅವರು ಬರೆಯುವ ಇಂಗ್ಲಿಷ್ ಅಕ್ಷರಗಳಲ್ಲಿ ಓದಿದಾಗ ನನಗೆ ತಲೆಬುಡ ತಿಳಿದಿರಲಿಲ್ಲ. ಸರಿಗಮಕ್ಕೆ ಹಾಕಿ ನೋಡಿದ ಮೇಲೆ ಕುಳಿತಲ್ಲೇ ನಗು ಬಂತು. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಇತಿಹಾಸ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಲೋಹ ಜಾರಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಹುಟ್ಟಿತು. ಅದರ ಕೀರ್ತಿ ಜೋಸೆಫ್ ಕೆಕುಕು ಎಂಬ ಹುಡುಗನಿಗೆ ಸಲ್ಲುತ್ತದೆ. ಅವನಿಗಿಂತ ಮುಂಚೆ, ಭಾರತದಲ್ಲಿ ಹುಟ್ಟಿ ಹಡಗು ಹತ್ತಿ ಹವಾಯಿ ಸೇರಿದ ಗೇಬ್ರಿಯಲ್ ಡೇವಿಯನ್ ಎಂಬಾತ ಹಾಗೆ ನುಡಿಸುತ್ತಿದ್ದ ಎನ್ನುವ ವಾದವೂ ಉಂಟು. ನಮ್ಮ ವಿಚಿತ್ರವೀಣೆ, ಗೋಟುವಾದ್ಯಗಳನ್ನು ಬಲ್ಲವರಿಗೆ ಈ ವಾದ ಹಿತವಾಗಿ ಕೇಳಿಸುತ್ತದೆ, ಆದರೆ ಹಿತವಾದದ್ದೆಲ್ಲ ಸಿದ್ಧವಾದದ್ದಲ್ಲ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ನಂತರ ಅಮೆರಿಕದ ತುಂಬ ಹವಾಯಿ ಸಂಗೀತದ ಹುಚ್ಚು ಹಬ್ಬಿತು. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್‌ನವರು ಇದೇ ವಾದ್ಯಕ್ಕೆ ವಿದ್ಯುತ್ ಜೋಡಿಸಿದರು. ಮಾರುಕಟ್ಟೆಗೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ತೊಡೆಯ ಮೇಲಿನ ಈ ಸ್ಟೀಲ್ ಗಿಟಾರ್ ಒಂದು ಎಂಬುದು ರಾಕ್ ಅಭಿಮಾನಿಗಳು ಮರೆಯುವ ಸಂಗತಿ.

ಜಾರುಗಿಟಾರಿನ ತೊಡಕು ಏನೆಂದರೆ, ಬೆರಳೊತ್ತಿ ಒಂದೊಂದು ತಂತಿಗೆ ಒಂದೊಂದು ಸ್ವರ ಕೊಡಲು ಆಗುವುದಿಲ್ಲ. ಕೈಯಲ್ಲಿರುವುದು ನೆಟ್ಟಗಿನ ಉಕ್ಕು. ಅದು ಎಲ್ಲ ತಂತಿಗಳ ಮೇಲೂ ಒಂದೇ ಗೆರೆಯಲ್ಲಿ ಬೀಳುತ್ತದೆ. ಹಾಗಾಗಿ ಬಿಟ್ಟ ತಂತಿಗಳನ್ನು ಯಾವ ಸ್ವರಗಳಿಗೆ ಕೂಡಿಸಿದ್ದೀರೋ ಅದೇ ನಿಮ್ಮ ಆಸ್ತಿ. ಬೇರೆ ಮೇಳ ಬೇಕೆಂದರೆ ಬೇರೆ ಕುತ್ತಿಗೆ ಬೇಕು. ಎರಡು, ಮೂರು, ನಾಲ್ಕು ಕುತ್ತಿಗೆಯ ಸ್ಟೀಲ್ ಗಿಟಾರ್‌ಗಳು ಬಂದದ್ದು ಹೀಗೆ. ಆಮೇಲೆ ತಂತಿಯನ್ನು ಕಾಲಿನಿಂದ ಎಳೆದು ಸ್ವರ ಬದಲಿಸುವ ಪೆಡಲ್ ಬಂತು. ಅದನ್ನು ಮೊದಮೊದಲು ಹಾಡಿನಿಂದ ಹಾಡಿಗೆ ಶ್ರುತಿ ಬದಲಿಸಲಷ್ಟೇ ಬಳಸುತ್ತಿದ್ದರು. ಬಡ್ ಐಸಾಕ್ಸ್ ಎಂಬ ವಾದಕ, ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಹಾಡಿನಲ್ಲಿ, ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿಬಿಟ್ಟ. 1954ರಲ್ಲಿ ಆ ಹಾಡು ಮನೆಮಾತಾಯಿತು. ಆ ದನಿಯನ್ನು ಕೇಳಿದ ಅಮೆರಿಕದ ಸ್ಟೀಲ್ ವಾದಕರೆಲ್ಲ ತಮ್ಮ ತಮ್ಮ ಗಿಟಾರಿನ ಹೊಟ್ಟೆ ಬಿಚ್ಚಿ ಪೆಡಲ್ ಕೂರಿಸತೊಡಗಿದರು.

ಬಡ್ಡಿ ಎಮನ್ಸ್, ಜಿಮ್ಮಿ ಡೇ ಮುಂತಾದವರ ಕೈಯಲ್ಲಿ ಎರಡು ಶ್ರುತಿವ್ಯವಸ್ಥೆಗಳು ಗಟ್ಟಿಯಾದವು. ಒಂದರ ಹೆಸರು ಇ-9. ನ್ಯಾಶ್‌ವಿಲ್‌ನ ಕಂಟ್ರಿ ಹಾಡುಗಳಿಗೆ ಹೇಳಿಮಾಡಿಸಿದ್ದು. ಇನ್ನೊಂದು ಸಿ-6, ಟೆಕ್ಸಸ್ ಕಡೆಯ ಸ್ವಿಂಗ್ ಮತ್ತು ಜಾಜ್‌ಗೆ. ಎರಡನ್ನೂ ಬಲ್ಲವರು ಹತ್ತು ಹತ್ತು ತಂತಿಯ ಎರಡು ಕುತ್ತಿಗೆಯ ವಾದ್ಯವನ್ನು ಹೊತ್ತುಕೊಂಡು ತಿರುಗಬೇಕಿತ್ತು. ಪೆಟ್ಟಿಗೆ ಸಮೇತ ಮೂವತ್ತು ಕಿಲೊ ಹತ್ತಿರ ತೂಗುವ ಸಾಮಾನು. ವಯಸ್ಸಾದ ವಾದಕರು ಬೆನ್ನುನೋವಿನಿಂದಲೇ ಯೂನಿವರ್ಸಲ್ ಟ್ಯೂನಿಂಗ್ ಕಡೆ ತಿರುಗುತ್ತಾರೆ ಅನ್ನುವ ಮಾತು ಪೂರ್ತಿ ತಮಾಷೆಯಲ್ಲ.

ಈಗ ಸರಿಗಮಕ್ಕೆ ಬರೋಣ. ಹಾರ್ಮೋನಿಯಂ ಪೆಟ್ಟಿಗೆಯ ಲೆಕ್ಕದಲ್ಲಿ ‘ಇ’ ಎಂದರೆ ಬಿಳಿ ಮೂರು. ಅದನ್ನು ಷಡ್ಜ ಮಾಡಿಕೊಂಡರೆ ಇ-9ರ ಹತ್ತು ತಂತಿಗಳು, ಆಚೆಯಿಂದ ಈಚೆಗೆ, ರಿ, ನಿ, ಗ, ಸ, ಪ, ಗ, ರಿ, ಸ, ಕೋಮಲ ನಿ, ಪ. ಮೊದಲ ಎರಡು ತಂತಿಗಳು ಎತ್ತರದ ಸ್ವರಗಳ ಸಾಲನ್ನು ಮುರಿದು ನಿಂತಿರುವುದನ್ನು ಗಮನಿಸಿ. ಹಾಡಿನ ಎಳೆ ತುಂಬಲು ಎಮನ್ಸ್ ಆಮೇಲೆ ಸೇರಿಸಿದ ತಂತಿಗಳವು. ಎಡಗಾಲಿನ ಮೊದಲ ಪೆಡಲ್ ಒತ್ತಿದರೆ ಪಂಚಮಗಳೆಲ್ಲ ಧೈವತಕ್ಕೆ ಏರುತ್ತವೆ. ಎರಡನೆಯದನ್ನು ಒತ್ತಿದರೆ ಗಾಂಧಾರಗಳೆಲ್ಲ ಶುದ್ಧ ಮಧ್ಯಮಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದಾಗ ಉಳಿಯುವುದು ಸ, ಮ, ದ. ಮಧ್ಯಮವನ್ನು ಷಡ್ಜ ಎಂದುಕೊಂಡು ಕೇಳಿ: ಸ, ಗ, ಪ ಆಯಿತು. ಪೆಡಲ್ ಸ್ಟೀಲ್‌ನ ಅತ್ಯಂತ ಪ್ರಸಿದ್ಧವಾದ ಆ ಏರುದನಿ, ನ್ಯಾಶ್‌ವಿಲ್‌ನಲ್ಲಿ ಸಾವಿರ ಹಾಡುಗಳಲ್ಲಿ ಕೇಳಿಬರುವ ಆ ಚಲನೆ, ನಮ್ಮವರು ಮಧ್ಯಮ ಶ್ರುತಿ ಎನ್ನುವುದೇ ಸರಿ. ಕರ್ನಾಟಕ ಸಂಗೀತದ ಕಚೇರಿ ಮುಗಿಯುವ ಹೊತ್ತಿಗೆ ಪುನ್ನಾಗವರಾಳಿಯೋ ನಾದನಾಮಕ್ರಿಯೆಯೋ ಬಂದಾಗ ಗಾಯಕರು ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಹಾಡುತ್ತಾರಲ್ಲ, ಅದನ್ನೇ ಇಲ್ಲಿ ಕಾಲು ಮಾಡುತ್ತದೆ.

ಯೂನಿವರ್ಸಲ್ ಟ್ಯೂನಿಂಗ್‌ನ ಗುಟ್ಟು ಇರುವುದು ಪೆಡಲ್‌ನಲ್ಲಲ್ಲ, ಮಂಡಿಯ ಲಿವರ್‌ನಲ್ಲಿ. ಹನ್ನೆರಡು ತಂತಿಯ ಸಾಲು ಹೀಗೆ: ರಿ, ನಿ, ಗ, ಸ, ಪ, ಗ, ರಿ, ಸ, ಪ, ಗ, ಸ, ಪ. ಒಂದು ಲಿವರನ್ನು ಮಂಡಿಯಿಂದ ತಳ್ಳಿದರೆ ನಾಲ್ಕನೆಯ ಮತ್ತು ಎಂಟನೆಯ ತಂತಿಗಳ ಷಡ್ಜ ಅರ್ಧ ಸ್ವರ ಇಳಿದು ನಿಷಾದವಾಗುತ್ತದೆ. ಅಷ್ಟೇ. ಬೇರೇನೂ ಅಲುಗುವುದಿಲ್ಲ. ಈಗ ಐದನೆಯ ತಂತಿಯಿಂದ ಕೆಳಕ್ಕೆ ಓದುತ್ತ ಹೋಗಿ: ಪ, ಗ, ರಿ, ನಿ, ಪ, ಗ, ಸ, ಪ. ಪಂಚಮವನ್ನು ಷಡ್ಜ ಮಾಡಿಕೊಳ್ಳಿ. ಸ, ದ, ಪ, ಗ, ಸ, ದ, ಮ, ಸ. ಇದು ಸಿ-6 ಕುತ್ತಿಗೆಯ ಕೆಳಗಿನ ಎಂಟು ತಂತಿಗಳ ಸಾಲೇ, ಅರ್ಧ ಸ್ವರ ಕೆಳಗೆ ಮಾತ್ರ; ಅದಕ್ಕೇ ಇದನ್ನು ಬಿ-6 ಅನ್ನುತ್ತಾರೆ. ಅರ್ಧ ಸ್ವರವೆಂದರೆ ಒಂದು ಮೆಟ್ಟಿಲು. ಕೈಯ ಉಕ್ಕನ್ನು ಅಷ್ಟು ಮುಂದೆ ಸರಿಸಿದರೆ ಲೆಕ್ಕ ಚುಕ್ತಾ. ರಿಷಭ ಬಿಟ್ಟ ಮೋಹನದಂಥ ಒಂದು ಸಂಸಾರವಿಡೀ, ಎರಡೇ ತಂತಿ ಸಡಿಲಿಸಿದ್ದಕ್ಕೆ ಎದುರಿಗೆ ಬಂದು ನಿಂತಿತು.

ನನಗೆ ನಗು ಬಂದದ್ದು ಇಲ್ಲಿ. ಇದು ಗ್ರಹಭೇದ. ಮೋಹನದ ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿದರೆ ಹಿಂದೋಳ, ಪಂಚಮವನ್ನು ಮಾಡಿದರೆ ಶುದ್ಧ ಸಾವೇರಿ ಎಂದು ನಮ್ಮ ಸಂಗೀತದ ಮೇಷ್ಟರುಗಳು ಮಕ್ಕಳಿಗೆ ಹೇಳಿಕೊಡುವ ಅದೇ ಆಟ. ಹಿಂದೂಸ್ತಾನಿಯವರು ಮೂರ್ಛನೆ ಅನ್ನುತ್ತಾರೆ. ಅಮೆರಿಕದವನೊಬ್ಬ ಕಬ್ಬಿಣದ ಸರಳು, ಸ್ಕ್ರೂ, ಸ್ಪ್ರಿಂಗ್ ಹಾಕಿ ಅದನ್ನೇ ಮಂಡಿಗೆ ಕಟ್ಟಿಕೊಂಡಿದ್ದಾನೆ.

ಗ್ರಹಭೇದ ಎಂಬ ಹೆಸರು ಗೊತ್ತಿಲ್ಲದೆಯೂ ಅದರಲ್ಲೇ ಬದುಕು ನಡೆಸುವವರು ನಮ್ಮ ಕಡೆಯ ಪೆಟ್ಟಿಗೆ ಮಾಸ್ತರುಗಳು. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಬಂತು. ಜಿಲ್ಲೆ ಯಾವುದಾದರೂ ನಾಟಕದ ಹುಚ್ಚು ಬದಲಾಗಿಲ್ಲ. ಒಂದು ಮಗ್ಗುಲಿಗೆ ಬಳ್ಳಾರಿ ಸೀಮೆ; ಅಲ್ಲಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಆಡದ ಊರು ಹುಡುಕಬೇಕು. ಇನ್ನೊಂದು ಮಗ್ಗುಲಿಗೆ ದಾವಣಗೆರೆ. ಚಿಂದೋಡಿ ಲೀಲಾ ಅವರ ಕೆಬಿಆರ್ ಕಂಪನಿಯ ಊರು. ನಡುವೆ ನಾವು, ಜಾತ್ರೆ ಬಂತೆಂದರೆ ಒಂದು ಪೌರಾಣಿಕವೋ ಸಾಮಾಜಿಕವೋ ಕಟ್ಟಲೇಬೇಕು ಅನ್ನುವವರು. ಮಳೆ ಕೈಕೊಟ್ಟ ವರ್ಷವೂ ನಾಟಕ ನಿಲ್ಲುವುದಿಲ್ಲ. ಹಾಗೆ ನೋಡಿದರೆ ಮಳೆ ಕೈಕೊಟ್ಟ ವರ್ಷ ತಾಲೀಮಿಗೆ ಜನ ಜಾಸ್ತಿ.

ತಾಲೀಮು ಶುರುವಾಗುವುದು ಊಟ ಆದ ಮೇಲೆ. ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ಒಂದು ಜೊತೆ ತಬಲ. ದುರ್ಯೋಧನ ಹೊಲದಿಂದ ಬಂದವನು. ಹಗಲೆಲ್ಲ ಎತ್ತಿಗೆ ಕೂಗಿ ಗಂಟಲು ಒರಟಾಗಿದೆ. ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಕರೆಸಿದ ಕಲಾವಿದೆ. ಅವರು ಹತ್ತೂರಲ್ಲಿ ಹಾಡಿ ಪಳಗಿದವರು, ಅವರ ದನಿ ಎಲ್ಲಿದೆಯೋ ಅಲ್ಲಿಂದ ಕದಲುವುದಿಲ್ಲ.

‘ಮಾಸ್ತ್ರೇ, ಇನ್ನೊಂದ್ ಮನೆ ಇಳ್ಸ್ರಿ, ಗಂಟ್ಲು ಹರೀತೈತೆ.’

‘ಇಳ್ಸಿದ್ರೆ ಅಕ್ಕಾರ ದನಿ ಪಾತಾಳಕ್ಕೋಗ್ತೈತಪ್ಪ. ನೀನು ಸಲ್ಪ ಬಿಸಿನೀರು ಕುಡಿ.’

ಮಾಸ್ತರರ ಪೆಟ್ಟಿಗೆಯಲ್ಲಿ ಹನ್ನೆರಡು ಮನೆಗಳೂ ಇವೆ, ಯಾವುದನ್ನು ಬೇಕಾದರೂ ಷಡ್ಜ ಮಾಡಬಹುದು. ಕಟ್ಟಿಹಾಕಿರುವುದು ತಬಲ. ಬಲಗೈ ತಬಲವನ್ನು ಕರಿ ಒಂದಕ್ಕೆ ಕೂಡಿಸಿಟ್ಟರೆ ಇಡೀ ರಾತ್ರಿ ಅದು ಕರಿ ಒಂದೇ. ಪ್ರತಿ ಹಾಡಿಗೂ ಸುತ್ತಿಗೆ ಹಿಡಿದು ಗಟ್ಟಿ ಬಡಿಯುತ್ತ ಕೂತರೆ ಜನ ಎದ್ದು ಹೋಗುತ್ತಾರೆ. ಆಗ ಮಾಸ್ತರರು ಮಾಡುವುದಿಷ್ಟೇ. ಗಂಡು ಪಾತ್ರಗಳಿಗೆ ಕರಿ ಒಂದು ಷಡ್ಜ. ಹೆಣ್ಣು ಪಾತ್ರಕ್ಕೆ ಅದೇ ಶ್ರುತಿಯ ಮಧ್ಯಮ, ಅಂದರೆ ಕರಿ ಮೂರು, ಷಡ್ಜ. ಅದೂ ಇಳಿಯಿತು ಅಂದರೆ ಪಂಚಮ, ಕರಿ ನಾಲ್ಕು. ಮಧ್ಯಮ ಹಿಡಿದರೆ ತಬಲದ ಕರಿ ಒಂದು ಆಕೆಯ ಪಂಚಮವಾಗಿ ಕೇಳುತ್ತದೆ, ಪಂಚಮ ಹಿಡಿದರೆ ಮಧ್ಯಮವಾಗಿ ಕೇಳುತ್ತದೆ. ಎರಡೂ ಹೊಂದುತ್ತವೆ. ತಬಲದವನು ಸುತ್ತಿಗೆ ಮುಟ್ಟುವುದೇ ಇಲ್ಲ. ಇಬ್ಬರ ಜೋಡಿ ಹಾಡು ಬಂದಾಗ ಒಂದು ನುಡಿ ಇಲ್ಲಿಂದ, ಒಂದು ನುಡಿ ಅಲ್ಲಿಂದ.

ಪೆಡಲ್ ಸ್ಟೀಲ್‌ನವರ ಎರಡು ಪೆಡಲ್ ಮಧ್ಯಮವನ್ನು ಷಡ್ಜ ಮಾಡುತ್ತವೆ, ಮಂಡಿಯ ಲಿವರ್ ಪಂಚಮವನ್ನು ಷಡ್ಜ ಮಾಡುತ್ತದೆ. ಸೊಕ್ಕೆಯ ತಾಲೀಮಿನಲ್ಲಿ ಆಗುವುದೂ ಅದೇ ಎರಡು ಜಿಗಿತ. ಹಳೆಯ ದೊಡ್ಡಾಟದಲ್ಲಿ ಈ ಸೌಲಭ್ಯವೂ ಇರಲಿಲ್ಲ. ಮುಖವೀಣೆಯ ಕೊಳವೆ ಎಷ್ಟು ಉದ್ದವೋ ಅಷ್ಟೇ ಶ್ರುತಿ. ವೇಷದವರು ಅದಕ್ಕೆ ಗಂಟಲು ಹೊಂದಿಸಬೇಕು, ಅದು ಯಾರಿಗೂ ಹೊಂದಿಕೊಳ್ಳುತ್ತಿರಲಿಲ್ಲ.

ಎಲ್ಲಕ್ಕೂ ಒಗ್ಗುವ ಶ್ರುತಿ ಅಂದಾಗ ಕಷ್ಟ ಕಡಿಮೆಯಾಯಿತು ಅನ್ನಿಸುತ್ತದೆ. ನನಗೆ ತೋಚುವ ಮಟ್ಟಿಗೆ ಅದು ಕಡಿಮೆಯಾಗುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಮುಖವೀಣೆಯ ಕಾಲದಲ್ಲಿ ಗಂಟಲಿನ ಮೇಲಿತ್ತು. ಪೆಟ್ಟಿಗೆ ಬಂದ ಮೇಲೆ ಮಾಸ್ತರರ ತಲೆಯ ಮೇಲೆ ಬಂತು. ಎರಡು ಕುತ್ತಿಗೆಯ ಗಿಟಾರಿನಲ್ಲಿ ಬೆನ್ನಿನ ಮೇಲಿತ್ತು. ಹನ್ನೆರಡು ತಂತಿಯ ಯೂನಿವರ್ಸಲ್‌ನಲ್ಲಿ ಮಂಡಿಗೆ ಇಳಿದಿದೆ. ಸ್ವಿಂಗ್ ಹಾಡೊಂದನ್ನು ನುಡಿಸಲು ಕೂತರೆ ಹಾಡು ಮುಗಿಯುವವರೆಗೆ ಮಂಡಿಯನ್ನು ಲಿವರಿಗೆ ಒತ್ತಿ ಹಿಡಿದೇ ಇರಬೇಕು. ಇದಕ್ಕೆಂದೇ ಕೆಲವರು ಲಿವರಿಗೆ ಚಿಲಕ ಹಾಕಿಸಿಕೊಳ್ಳುತ್ತಾರೆ. ಚಿಲಕ ಹಾಕಿದರೆ ಮಂಡಿಗೆ ಬಿಡುವು ಸಿಗುತ್ತದೆ. ಆದರೆ ಹಾಡಿನ ಮಧ್ಯೆ ಇ-9ಕ್ಕೆ ಹಾರಿ ಬರಬೇಕೆಂದರೆ ಚಿಲಕ ತೆಗೆಯಬೇಕು.

ಇನ್ನೊಂದು ನಷ್ಟ ಒಂಬತ್ತನೆಯ ತಂತಿಯದು. ಹತ್ತು ತಂತಿಯ ಇ-9ರಲ್ಲಿ ಅಲ್ಲಿ ಕೋಮಲ ನಿಷಾದ ಇತ್ತು. ಯೂನಿವರ್ಸಲ್‌ನಲ್ಲಿ ಆ ಜಾಗವನ್ನು ಪಂಚಮ ಹಿಡಿದಿದೆ, ಯಾಕೆಂದರೆ ಸಿ-6 ಬದಿಗೆ ಅಲ್ಲಿ ಷಡ್ಜ ಬೇಕೇ ಬೇಕು. ಕೋಮಲ ನಿಷಾದ ಬೇಕಾದಾಗ ಇನ್ನೊಂದು ಲಿವರಿನಿಂದ ಪಂಚಮವನ್ನು ಮೂರು ಅರ್ಧ ಸ್ವರ ಎಳೆದು ಏರಿಸಬೇಕು. ಲಿವರ್ ದೂರ ಚಲಿಸಬೇಕು, ಬಿಗಿಯೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಆ ತಂತಿಯನ್ನು ನಿಷಾದಕ್ಕೆ ಕಳಿಸಿದಾಗ ಅಲ್ಲಿನ ಪಂಚಮ ಇರುವುದಿಲ್ಲ. ಇ-9ರಲ್ಲೇ ಕೈ ಪಳಗಿದವರು ಯೂನಿವರ್ಸಲ್ ಮುಟ್ಟದಿರುವುದಕ್ಕೆ ಹೇಳುವ ಮೊದಲ ಕಾರಣ ಇದು.

ಇದಕ್ಕಿಂತ ಸೂಕ್ಷ್ಮವಾದ, ನನಗೆ ಇದಕ್ಕಿಂತ ರುಚಿಯಾದ ತೊಡಕೊಂದಿದೆ. ಸಪ್ತಕವನ್ನು 1200 ಸೆಂಟ್ ಎಂದು ಅಳೆಯುವ ರೂಢಿ. ಹಾರ್ಮೋನಿಯಂನ ಶುದ್ಧ ಗಾಂಧಾರ 400 ಸೆಂಟ್‌ನಲ್ಲಿದೆ. ತಂಬೂರಿಯ ಷಡ್ಜದೊಳಗಿಂದ ತಾನೇ ಎದ್ದು ಬರುವ ಗಾಂಧಾರ 386ರಲ್ಲಿದೆ. ಈ 14 ಸೆಂಟಿನ ಜಗಳ ಸಣ್ಣದಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು 1971ರವರೆಗೂ ಒಳಗೆ ಬಿಟ್ಟುಕೊಳ್ಳದಿರಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಪೆಡಲ್ ಸ್ಟೀಲ್‌ನ ಬಹುತೇಕ ವಾದಕರು ಕಿವಿಯನ್ನು ನಂಬಿ ಗಾಂಧಾರವನ್ನು ತಂಬೂರಿಯ ಕಡೆಗೇ ಇಳಿಸಿ ಕೂಡಿಸುತ್ತಾರೆ. ಅವರ ಮಧ್ಯಮ ಶ್ರುತಿಯೂ ಸಿಹಿಯಾಗಬೇಕಾದರೆ ಮೊದಲ ಪೆಡಲ್ ಪಂಚಮವನ್ನು 884 ಸೆಂಟಿನ ಧೈವತಕ್ಕೆ ತರಬೇಕು. ತರುತ್ತದೆ. ಆದರೆ ಅದೇ ಧೈವತವನ್ನು ರಿಷಭದ ತಂತಿಯ ಜೊತೆ ಮೀಟಿದರೆ ಕಿವಿ ಮುದುಡುತ್ತದೆ. ರಿಷಭಕ್ಕೆ ಪಂಚಮ ಸಂಬಂಧದಲ್ಲಿರುವ ಧೈವತ ಇರುವುದು 906ರಲ್ಲಿ. ವ್ಯತ್ಯಾಸ 22 ಸೆಂಟ್.

ನಾಟ್ಯಶಾಸ್ತ್ರದಲ್ಲಿ ಭರತ ಹೇಳುವ ಪ್ರಮಾಣಶ್ರುತಿಯನ್ನು ಈಗಿನವರು ಲೆಕ್ಕ ಹಾಕುವುದು ಇದೇ 22 ಸೆಂಟಿಗೆ. ಅದನ್ನು ತೋರಿಸಲು ಭರತ ಒಂದೇ ಸಮ ಕೂಡಿಸಿದ ಎರಡು ವೀಣೆ ತೆಗೆದುಕೊಳ್ಳುತ್ತಾನೆ. ಒಂದು ಧ್ರುವವೀಣೆ, ಅಲುಗುವುದಿಲ್ಲ. ಇನ್ನೊಂದು ಚಲವೀಣೆ, ಅದರ ಪಂಚಮವನ್ನು ಕೂದಲೆಳೆಯಷ್ಟು ಇಳಿಸಿ ಪಕ್ಕದ್ದರ ಜೊತೆ ಹೋಲಿಸುತ್ತ ಹೋಗುತ್ತಾನೆ. ಅವನಿಗೆ ಎರಡು ವಾದ್ಯ ಬೇಕಾಯಿತು. ಇಲ್ಲಿ ಒಂದರಲ್ಲೇ ಧ್ರುವವೂ ಚಲವೂ ಆಗಬೇಕು. ಅದಕ್ಕಾಗಿ ಕೆಲವರು, ಮೊದಲ ಪೆಡಲ್ ಒತ್ತಿದಾಗ ರಿಷಭದ ತಂತಿಯೂ ಒಂದು ಚೂರು ಇಳಿಯುವಂತೆ ಬೇರೆಯೇ ಒಂದು ಸರಳು ಜೋಡಿಸಿಕೊಳ್ಳುತ್ತಾರೆ. ಎಮನ್ಸ್ ಅಂಥವರು ನಂತರದ ವರ್ಷಗಳಲ್ಲಿ ಈ ರಗಳೆಯೇ ಬೇಡವೆಂದು ಹಾರ್ಮೋನಿಯಂನಂತೆ ಸಮಪಾಲಿನ ಸ್ವರಗಳಿಗೇ ಮನಸ್ಸು ಕೊಟ್ಟರು. ಇದರ ಮೇಲೆ ಇನ್ನೊಂದು ಕಾಟ: ಪೆಡಲ್ ಒತ್ತಿದಾಗ ವಾದ್ಯದ ಮೈಯೇ ಸ್ವಲ್ಪ ಬಾಗಿ, ಮುಟ್ಟದ ತಂತಿಗಳೂ ಕೂದಲಿನಷ್ಟು ಇಳಿಯುತ್ತವೆ. ಮರ ಮತ್ತು ಕಬ್ಬಿಣಕ್ಕೆ ಶಾಸ್ತ್ರ ಗೊತ್ತಿಲ್ಲ.

ಹನ್ನೆರಡು ತಂತಿಯ ವಾದ್ಯ ಕೊಳ್ಳಹೊರಟವರ ಮುಂದೆ ಸ್ಥೂಲವಾಗಿ ಮೂರು ದಾರಿಗಳಿವೆ. ಯೂನಿವರ್ಸಲ್ ಎಂದರೆ ಸಾಮಾನ್ಯವಾಗಿ ಮೇಲೆ ವಿವರಿಸಿದ ಇ-9/ಬಿ-6. ಜೆಫ್ ನ್ಯೂಮನ್ ಎಂಬ ಮೇಷ್ಟರು ಅದನ್ನು ಬಹಳ ಮಂದಿಗೆ ಕಲಿಸಿ ಹರಡಿದರು. ಅದರಲ್ಲಿ ಕಾಲು, ಮಂಡಿ ಏನೂ ಒತ್ತದೆ ಸುಮ್ಮನೆ ಕೂತಾಗ ಇರುವುದು ಕಂಟ್ರಿ ಶ್ರುತಿ. ಮಾರಿಸ್ ಆ್ಯಂಡರ್ಸನ್ ಇದನ್ನು ತಿರುಗುಮುರುಗು ಮಾಡಿದರು. ಅವರ ಬಿ-ಫ್ಲ್ಯಾಟ್-6ರಲ್ಲಿ ಸುಮ್ಮನೆ ಕೂತಾಗ ಇರುವುದು ಸ್ವಿಂಗ್ ಶ್ರುತಿ. ಗಾಂಧಾರವನ್ನು ಅರ್ಧ ಸ್ವರ ಏರಿಸಿದರೆ ಕಂಟ್ರಿಯ ಕಡೆ ಹೋಗಬಹುದು. ಗಣಿತ ಒಂದೇ, ಮಂಡಿಯ ಶ್ರಮ ಮಾತ್ರ ಎದುರುಬದುರು. ಮೂರನೆಯವರು ಈ ಸಹವಾಸವೇ ಬೇಡವೆಂದು ಇ-9ಕ್ಕೆ ಕೆಳಗಡೆ ಎರಡು ದಪ್ಪ ತಂತಿ ಸೇರಿಸಿಕೊಂಡು ಸುಖವಾಗಿದ್ದಾರೆ. ನನ್ನ ಮಟ್ಟಿಗೆ ಆರಿಸುವ ವಿಧಾನ ಸುಲಭ: ನೀವು ದಿನಾ ನುಡಿಸುವ ಹಾಡುಗಳಲ್ಲಿ ಹೆಚ್ಚಿನವು ಯಾವ ಬದಿಯವು ನೋಡಿ, ಆ ಬದಿಯಲ್ಲಿ ಮಂಡಿ ಬಿಡುವಾಗಿರಲಿ. ಎರಡೂ ಸಮ ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಕರ್ನಾಟಕದಲ್ಲಿ ಇಂಥ ಆಯ್ಕೆ ನಡೆದಿಲ್ಲವೆಂದಲ್ಲ. ಧಾರವಾಡದಲ್ಲಿ ನೆಲೆಸಿದ ಸಿತಾರರತ್ನ ರಹಿಮತ್ ಖಾನರು ಸಿತಾರಿಗೆ ಖರ್ಜದ, ಅಂದರೆ ಮಂದ್ರದ, ದಪ್ಪ ತಂತಿಗಳನ್ನು ಹಾಕಿ ಏಳು ತಂತಿಗಳ ಜೋಡಣೆಯನ್ನೇ ಬದಲಿಸಿದರೆಂದು ಅವರ ಪರಂಪರೆಯವರು ಹೇಳುತ್ತಾರೆ. ಬೀನಿನ, ಅಂದರೆ ರುದ್ರವೀಣೆಯ, ಗಾಂಭೀರ್ಯ ಸಿತಾರಿಗೂ ಬರಲಿ ಎಂಬ ಆಸೆ ಅದು. ಮುಂದೆ ವಿಲಾಯತ್ ಖಾನರು ಅಂಥ ತಂತಿಗಳನ್ನು ಕಿತ್ತು ಆ ಜಾಗದಲ್ಲಿ ಗಾಂಧಾರದ ತಂತಿ ಕಟ್ಟಿಕೊಂಡರು, ರವಿಶಂಕರರು ಖರ್ಜವನ್ನು ಉಳಿಸಿಕೊಂಡರು. ಇವತ್ತಿಗೂ ಸಿತಾರ್ ಕೊಳ್ಳಲು ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, ಖರ್ಜ ಪಂಚಮವೋ ಗಾಂಧಾರ ಪಂಚಮವೋ.

ಜಾರುವಾದ್ಯಕ್ಕೆ ಬಂದರೆ ನಮ್ಮಲ್ಲಿ ಗೋಟುವಾದ್ಯವಿದೆ. ಗೋಟುವಾದ್ಯಂ ನಾರಾಯಣ ಅಯ್ಯಂಗಾರರು ಅದಕ್ಕೆ ಅನುರಣನದ ತಂತಿಗಳನ್ನು ಸೇರಿಸಿದರು. 1967ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರ ಮೊಮ್ಮಗ ರವಿಕಿರಣ್ ಅದೇ ವಾದ್ಯವನ್ನು ಚಿತ್ರವೀಣೆ ಎಂಬ ಹೆಸರಲ್ಲಿ 21 ತಂತಿಗಳೊಡನೆ ನುಡಿಸುತ್ತ ಬಂದರು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಜಾರುಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸುತ್ತಾರೆ. ಅದಕ್ಕೂ ಮೊದಲು, 1940ರ ದಶಕದಲ್ಲಿ, ಹವಾಯಿಯ ತಾವ್ ಮೋ ಕೋಲ್ಕತ್ತದಲ್ಲಿ ಬಿಡಾರ ಹೂಡಿ ಆ ನಗರಕ್ಕೇ ಹವಾಯಿಯನ್ ಗಿಟಾರಿನ ಹುಚ್ಚು ಹಿಡಿಸಿದ್ದ. 1967ರ ‘ಕಾಲ್ ಆಫ್ ದ ವ್ಯಾಲಿ’ ರೆಕಾರ್ಡಿನಲ್ಲಿ ಸಂತೂರ್, ಕೊಳಲುಗಳ ಜೊತೆಗೆ ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್ ಕೇಳಿದ ಮೇಲೆ ಅದು ಪರದೇಶದ ವಾದ್ಯ ಎನ್ನುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಚಿತ್ರವೀಣೆಯ ಮುಖ್ಯ ತಂತಿಗಳಲ್ಲಿ ಇರುವುದು ಎರಡೇ ಸ್ವರ, ಸ ಮತ್ತು ಪ. ಗಾಂಧಾರವಿಲ್ಲ, ನಿಷಾದವಿಲ್ಲ. ಅಮೆರಿಕದವರು ಎಲ್ಲ ಹಾಡಿಗೂ ಆಗಲೆಂದು ಸ್ವರಗಳನ್ನು ತುಂಬುತ್ತ, ತುಂಬಿದ್ದನ್ನು ಆಳಲು ಪೆಡಲ್ ಜೋಡಿಸುತ್ತ ಹೋದರು. ನಮ್ಮವರು ಎಲ್ಲ ರಾಗಕ್ಕೂ ಆಗಲೆಂದು ಸ್ವರಗಳನ್ನು ತೆಗೆಯುತ್ತ ಹೋದರು. ಗಾಂಧಾರದ ತಂತಿಯೊಂದು ಬಿಟ್ಟ ದನಿಯಲ್ಲಿ ಮೊಳಗುತ್ತಿದ್ದರೆ ಗಾಂಧಾರವೇ ಇಲ್ಲದ ಮಧ್ಯಮಾವತಿಯನ್ನು ಅದರ ಮೇಲೆ ನುಡಿಸುವುದು ಹೇಗೆ? ಸ-ಪ ಇದ್ದರೆ ಆ ಭಯವಿಲ್ಲ. ಪಂಚಮವಿಲ್ಲದ ಮಾಲಕಂಸ ಬಂದರೆ ಒಂದೇ ಮಾತು, ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುತ್ತಾರೆ.

ನಮ್ಮ ಕಡೆಯ ಯಾವನಾದರೂ ಹುಡುಗ ಹನ್ನೆರಡು ತಂತಿಯ ಪೆಡಲ್ ಸ್ಟೀಲ್ ತರಿಸಿಕೊಂಡು ವಚನವನ್ನೋ ರಂಗಗೀತೆಯನ್ನೋ ನುಡಿಸುತ್ತೇನೆಂದು ಕೂತರೆ, ನಾನು ಇ-9/ಬಿ-6 ಕಡೆಗೇ ವಾಲುತ್ತೇನೆ. ಒಂಬತ್ತನೆಯ ತಂತಿಯ ಕೋಮಲ ನಿಷಾದ ಹೋಯಿತೆಂದು ನಾವು ಅಳಬೇಕಾಗಿಲ್ಲ; ಪಂಚಮದಿಂದ ಅಲ್ಲಿಗೆ ಉಕ್ಕನ್ನು ಜಾರಿಸಿ ಹೋಗುವುದೇ ನಮಗೆ ಸಹಜ. ಗಾಂಧಾರದ ತಂತಿಗಳನ್ನು ರಾಗ ಕೇಳದಿದ್ದಾಗ ಮೀಟದಿದ್ದರಾಯಿತು. ಮಾಲಕಂಸ ಬಂದಾಗ ಮಾತ್ರ ನಿಜವಾದ ಮಜಾ ಇದೆ. ಎರಡನೆಯ ಪೆಡಲ್ ಗಾಂಧಾರವನ್ನು ಮಧ್ಯಮಕ್ಕೆ ಕಳಿಸುತ್ತದೆ, ಅದು ಸರಿಯೇ. ಮೊದಲ ಪೆಡಲ್ ಪೂರ್ತಿ ಒತ್ತಿದರೆ ಪಂಚಮ ಶುದ್ಧ ಧೈವತಕ್ಕೆ ಹೋಗಿಬಿಡುತ್ತದೆ, ಮಾಲಕಂಸಕ್ಕೆ ಬೇಕಾದದ್ದು ಕೋಮಲ ಧೈವತ. ಅದು ಇರುವುದು ಪೆಡಲ್‌ನ ಅರ್ಧ ದಾರಿಯಲ್ಲಿ. ಅರ್ಧ ಪೆಡಲ್ ಅನ್ನುವುದು ಅಲ್ಲಿನವರೂ ಬಳಸುವ ಉಪಾಯವೇ, ಆದರೆ ಅಲ್ಲಿ ತಡೆಯುವ ಸ್ಕ್ರೂ ಇಲ್ಲ, ಗುರುತಿಲ್ಲ. ಪಾದವೇ ಕಿವಿ ಕೊಟ್ಟು ನಿಲ್ಲಬೇಕು. ಸ್ವಲ್ಪ ಹೆಚ್ಚು ಒತ್ತಿದರೆ ರಾಗ ಕೆಟ್ಟಿತು. ಇದ್ದಲ್ಲೇ ತೂಗಿದರೆ ಆಂದೋಲನ ಬಂತು.